ಓದುಗರ ಪ್ರಶ್ನೆ: ಕಾಡಿನ ಜಿಂಕೆಗೆ ಯಾವ ತೋಟೆ?

ಪ್ರಶ್ನೆ: ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಈ ನವೆಂಬರ್‌ನಲ್ಲಿ ಲೈಸನ್ಸ್ ಮಾಡಿಸಿ ಜಿಂಕೆ ಬೇಟೆಗೆ ಹೊರಡುವವನಿದ್ದಾನೆ. ದಟ್ಟ ಕಾಡು, ಈಡು ಹೆಚ್ಚೆಂದರೆ ನೂರು ಗಜದ್ದು. .308 ರೈಫಲ್ ಕೊಂಡಿದ್ದಾನೆ. ಮ್ಯಾಗ್ನಂ (ಮದ್ದು ಹೆಚ್ಚಿರುವ ಜೋರಿನ ತೋಟೆ) ಬೇಕಿತ್ತು ಎಂದು ಕೆಲವರು ಹೇಳುತ್ತಾರಂತೆ. ಗೆಳೆಯನೊಬ್ಬ ಮಿಲಿಟರಿ ತೋಟೆ ಅಗ್ಗಕ್ಕೆ ಕೊಡುತ್ತಾನಂತೆ. ಏನು ಮಾಡಬೇಕು?
– ಓದುಗರು, ಕಾರ್ಕಳ

ಉತ್ತರ: ಮ್ಯಾಗ್ನಂ ಬೇಡ, ಮಿಲಿಟರಿ ತೋಟೆಯಂತೂ ಬೇಡವೇ ಬೇಡ. .308 ವಿಂಚೆಸ್ಟರ್ 1952ರಿಂದ ಬಳಕೆಯಲ್ಲಿದೆ. 150 ಗ್ರೇನ್, ಅಂದರೆ ಸುಮಾರು 9.7 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಹತ್ತಿರಹತ್ತಿರ 2,800 ಅಡಿ ವೇಗದಲ್ಲಿ ಹೊರಡುತ್ತದೆ. ಅಲ್ಲಿನ ಬಿಳಿಬಾಲದ ಜಿಂಕೆಗೆ ಅಷ್ಟು ಧಾರಾಳ ಸಾಕು. ಮ್ಯಾಗ್ನಂ ಕೊಡುವ ಒದೆತಕ್ಕೆ ಹೆದರಿದವನು ಕುದುರೆ (ಟ್ರಿಗರ್) ಎಳೆಯುವಾಗಲೇ ಕಣ್ಣು ಮುಚ್ಚುತ್ತಾನೆ, ಗುರಿ ಅಲ್ಲಿಗೇ ಕೆಡುತ್ತದೆ. ಹತ್ತಿರದಿಂದ ಹೊಡೆದರೆ ಮಾಂಸವೂ ರಕ್ತ ಹೆಪ್ಪುಗಟ್ಟಿ ಹಾಳಾಗುತ್ತದೆ.

ಅವನು ನೋಡಬೇಕಾದದ್ದು ಗುಂಡಿನ ರಚನೆಯನ್ನು. ಮಿಲಿಟರಿ ಗುಂಡಿಗೆ ತುದಿಯವರೆಗೂ ಗಟ್ಟಿ ಲೋಹದ ಕವಚವಿರುತ್ತದೆ. ಅದು ಅರಳುವುದಿಲ್ಲ, ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ. ಜಿಂಕೆ ಗಾಯ ಹೊತ್ತು ಓಡಿ ಎಲ್ಲೋ ನರಳಿ ಸಾಯುತ್ತದೆ. ಹಲವು ರಾಜ್ಯಗಳಲ್ಲಿ ಬೇಟೆಗೆ ಇಂಥ ಗುಂಡು ನಿಷಿದ್ಧ ಕೂಡ. ಪೆಟ್ಟಿಗೆಯ ಮೇಲೆ ‘ಸಾಫ್ಟ್ ಪಾಯಿಂಟ್’ ಎಂದಿರುವ 150 ಗ್ರೇನ್ ತೋಟೆ ಕೊಳ್ಳಲಿ. ಅದರ ತುದಿಯ ಸೀಸ ಮಾಂಸಕ್ಕೆ ತಾಗಿದ ಕೂಡಲೇ ಅರಳುತ್ತದೆ. ಆದರೆ ಸೀಸದ ಸಣ್ಣ ಚೂರುಗಳು ಗಾಯದ ಸುತ್ತ ಮಾಂಸದಲ್ಲಿ ಹರಡುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಡೀ ತಾಮ್ರದ ಗುಂಡೇ ಒಳ್ಳೆಯದು. ತಾಮ್ರ ಅರಳಲು ವೇಗ ಬೇಕು. ಹಾಗಾಗಿ ಅದರಲ್ಲಿ ತುಸು ಹಗುರದ್ದು, 130 ಗ್ರೇನ್ ಇದ್ದರೂ ಸರಿ.

ದಪ್ಪ ಗುಂಡು ಪೊದೆ ಸೀಳಿಕೊಂಡು ನೇರ ಹೋಗುತ್ತದೆ ಎಂಬ ಮಾತನ್ನು ನಂಬಬಾರದು. ಬೆರಳು ಗಾತ್ರದ ಕಡ್ಡಿ ತಾಗಿದರೂ ಯಾವ ಗುಂಡೂ ದಾರಿ ತಪ್ಪುತ್ತದೆ. ನಡುವೆ ಎಲೆ-ಕಡ್ಡಿ ಇದ್ದರೆ ಈಡು ಬಿಡಬಾರದು.

ಒಂದೇ ಕಂಪನಿಯ, ಒಂದೇ ಲಾಟ್ ನಂಬರಿನ (ಒಂದೇ ಬಾರಿಗೆ ತಯಾರಾದ) 20 ತೋಟೆಗಳ ಪೆಟ್ಟಿಗೆ ಮೂರು ಕೊಂಡಿಟ್ಟುಕೊಳ್ಳಲಿ. ಕಂಪನಿ ಅಥವಾ ತೂಕ ಬದಲಾದರೆ ಅದೇ ರೈಫಲ್‌ನಲ್ಲೂ ಗುಂಡು ಬೀಳುವ ಜಾಗ ಒಂದೆರಡು ಅಂಗುಲ ಅತ್ತಿತ್ತ ಆಗುತ್ತದೆ. ನೂರು ಗಜಕ್ಕೆ ಗುರಿ ಕೂಡಿಸಿ, ಮೂರು ಮೂರು ಗುಂಡು ಹೊಡೆದು ನೋಡಲಿ. ಕಾಡಿನಲ್ಲಿ ಸಿಗುವುದು ತಣ್ಣಗಿನ ನಳಿಗೆಯ ಮೊದಲ ಈಡು. ಅಭ್ಯಾಸದಲ್ಲೂ ಆ ಮೊದಲನೆಯದು ಎಲ್ಲಿ ಬಿತ್ತೆಂದು ಗುರುತು ಹಾಕಿಕೊಳ್ಳಬೇಕು. ಜಿಂಕೆ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ ಇಡಲಿ. ಹೊಡೆದ ಬಳಿಕ ಬಿದ್ದದ್ದು ಕಣ್ಣಿಗೆ ಕಾಣದಿದ್ದರೆ ಅರ್ಧ ಗಂಟೆ ಅಲ್ಲೇ ಕೂರಲಿ. ಕೂಡಲೇ ಬೆನ್ನಟ್ಟಿದರೆ ಅದು ಮತ್ತಷ್ಟು ದೂರ ಓಡುತ್ತದೆ.

ಒದೆತ ತಾಳದವರಿಗೆ .308ಕ್ಕಿಂತ ಸಣ್ಣ ಗುಂಡಿನ .243ರ 100 ಗ್ರೇನ್ ತೋಟೆ ಸಾಕು. ಗೆಳೆಯರ ಹಳೆಯ .30-30 ಲಿವರ್ ರೈಫಲ್ ಕೈಗೆ ಬಂದರೆ ಅದಕ್ಕೆ ಚೂಪು ಲೋಹದ ತುದಿಯ ತೋಟೆ ತುಂಬಲೇಬಾರದು. ಅದರ ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ತುದಿ ಇನ್ನೊಂದರ ಕ್ಯಾಪಿಗೆ (ಮದ್ದಿಗೆ ಕಿಡಿ ಕೊಡುವ ಹಿಂಭಾಗಕ್ಕೆ) ತಾಗಿ ಕೂತಿರುತ್ತದೆ, ಒದೆತಕ್ಕೆ ಒಳಗೇ ಸಿಡಿಯಬಹುದು. ಚಪ್ಪಟೆ ತುದಿಯದ್ದು, ಇಲ್ಲವೇ ಅದಕ್ಕೆಂದೇ ಮಾಡಿದ ಮೆತ್ತನೆ ತುದಿಯದ್ದು ಹಾಕಬೇಕು.

ಕಾನೂನಿನ ಎರಡು ಮಾತು. ಮಗ ಕೆಲಸದ ವೀಸಾದಲ್ಲಿದ್ದರೆ, ಬೇಟೆ ಲೈಸನ್ಸ್‌ನಂಥ ವಿನಾಯಿತಿ ಇಲ್ಲದೆ ಒಂದು ತೋಟೆ ಇಟ್ಟುಕೊಳ್ಳುವುದೂ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ವಿಸ್ಕಾನ್ಸಿನ್‌ನಲ್ಲಿ ಬೇಟೆ ಸುರಕ್ಷತೆಯ ಕೋರ್ಸ್ ಆಗಿರಬೇಕು.

ಪ್ರಶ್ನೆ: ಬೆಳೆ ರಕ್ಷಣೆಗೆ ಲೈಸನ್ಸ್ ಇರುವ ಅಜ್ಜನ ಕಾಲದ 12 ಬೋರ್ ಒಂಟಿ ನಳಿಗೆ ಕೋವಿ ಇದೆ. ತೋಟಕ್ಕೆ ಕಡವೆ ಬರುತ್ತಿದೆ. ದಪ್ಪ ಚರೆಗಳ ಎಲ್‌ಜಿ ತೋಟೆ ಹಾಕಬಹುದೇ?
– ಓದುಗರು, ಬಂಟ್ವಾಳ

ಉತ್ತರ: ಕಡವೆಗೆ ಯಾವ ತೋಟೆಯೂ ಇಲ್ಲ. ಬೆಳೆ ರಕ್ಷಣೆಯ ಲೈಸನ್ಸ್ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ ಯಾವುದನ್ನು ಹೊಡೆದರೂ ಜೈಲು, ಕೋವಿಯೂ ಹೋಗುತ್ತದೆ. ಹಾನಿಯ ಫೋಟೋ, ಪಹಣಿ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಬೇಲಿ ಹಾಕುವುದಾದರೆ ಎಂಟು ಅಡಿ ಎತ್ತರ ಇರಲಿ, ಆರಡಿಯನ್ನು ಕಡವೆ ಹಾರಿ ಬರುತ್ತದೆ. ಮನೆಯ ಕರೆಂಟನ್ನು ತಂತಿಗೆ ಕೊಡಬೇಡಿ, ಮನುಷ್ಯರೇ ಸಾಯುತ್ತಾರೆ.

ಬೆದರಿಕೆಯ ಈಡಿಗೇ ಆದರೂ ಮೊದಲು ಕೋವಿಯ ಚೇಂಬರ್ (ತೋಟೆ ಕೂರುವ ಜಾಗ) ಅಳೆಸಿ. ಹಳೆಯ ಕೋವಿಗಳು ಎಷ್ಟೋ 65 ಮಿ.ಮೀ. ತೋಟೆಗೆ ಮಾಡಿದವು. 70 ಮಿ.ಮೀ. ತೋಟೆ ಬಾಯಿ ಮಡಿಚಿರುವುದರಿಂದ ಅದರೊಳಗೆ ಸಲೀಸಾಗಿ ಕೂರುತ್ತದೆ, ಮೋಸ ಆಗುವುದು ಅಲ್ಲೇ. ಹೊಡೆದಾಗ ಮಡಿಕೆ ಬಿಚ್ಚಿ ನಳಿಗೆಯ ಕಿರಿದಾದ ಭಾಗಕ್ಕೆ ನುಗ್ಗಿ ಒತ್ತಡ ಏರುತ್ತದೆ. 20 ಬೋರಿನ ತೋಟೆಯನ್ನು 12ರ ಜತೆ ಒಂದೇ ಚೀಲದಲ್ಲಿ ಇಡಲೇಬೇಡಿ. 12ರ ನಳಿಗೆಗೆ ತುಂಬಿದರೆ ಅದು ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಒಡೆದು ಎಡಗೈ ಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ತೋಟೆಯ ಹಿತ್ತಾಳೆ ಹಸಿರಾಗುತ್ತದೆ. ಎಣ್ಣೆ ಹಚ್ಚಬಹುದೇ?
– ಓದುಗರು, ಮಲ್ಪೆ

ಉತ್ತರ: ಬೇಡ. ಎಣ್ಣೆ ಕ್ಯಾಪಿನ ಅಂಚಿನಿಂದ ಇಳಿದು ಮದ್ದು ಕೆಡಿಸುತ್ತದೆ. ಚರ್ಮದ ಬೆಲ್ಟಿನಿಂದ ತೆಗೆದಿಡಿ. ಹದ ಮಾಡಿದ ಚರ್ಮದ ಆಮ್ಲವೂ ಹಿತ್ತಾಳೆಯನ್ನು ಹಸಿರಾಗಿಸುತ್ತದೆ, ಕಡಲಗಾಳಿಯೊಂದೇ ಅಲ್ಲ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಬೀಗ ಹಾಕಿದ ಕಪಾಟಿನಲ್ಲಿಡಿ. ತೆಳು ಹಸಿರು ಒಣಬಟ್ಟೆಗೆ ಹೋದರೆ ಚಿಂತೆಯಿಲ್ಲ. ಹಿತ್ತಾಳೆ ಗುಳಿ ಬಿದ್ದಿದ್ದರೆ, ಕಾಗದದ ಕೊಳವೆ ಉಬ್ಬಿದ್ದರೆ ಲೈಸನ್ಸ್ ಇರುವ ಅಂಗಡಿಯವರಿಗೆ ತೋರಿಸಿ ಒಪ್ಪಿಸಿಬಿಡಿ. ಹೊಡೆದಾಗ ಸದ್ದು ಬರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ಬಿಚ್ಚಿ.

ಪ್ರಶ್ನೆ: ಮಗ ಊರಿಗೆ ಬರುವಾಗ ಬೇಟೆಯ ಜಾಕೆಟ್ ತರುತ್ತಾನೆ. ತೊಂದರೆ ಇದೆಯೇ?
– ಓದುಗರು, ಮಂಗಳೂರು

ಉತ್ತರ: ಜಾಕೆಟ್‌ಗೆ ಇಲ್ಲ, ಕಿಸೆಯಲ್ಲಿ ಮರೆತ ಒಂದು ತೋಟೆಗೆ ಇದೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್‌ಗೆ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು, ಅಲ್ಲಿನ ಲೈಸನ್ಸ್ ಇಲ್ಲಿ ನಡೆಯುವುದಿಲ್ಲ. ಹೊರಡುವ ಮೊದಲು ಎಲ್ಲ ಕಿಸೆ, ಒಳಪದರ, ಚೀಲದ ಮೂಲೆ ಕೊಡವಿ ನೋಡಲಿ. ಖಾಲಿ ಕೊಳವೆಗಳನ್ನೂ ಅಲ್ಲೇ ಬಿಟ್ಟು ಬರಲಿ.