ಮಗಳನ್ನು ಖಾಸಗಿ ಶಾಲೆಗೆ ಈಗಲೇ ಸೇರಿಸಬೇಕೇ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬ. ಎಂಟೂವರೆ ವರ್ಷದ ಮಗಳು ಮನೆಯ ಸಮೀಪದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಯರ್ ಫೋರ್ ಓದುತ್ತಿದ್ದಾಳೆ. ಗೆಳತಿಯರಿದ್ದಾರೆ, ಬೆಳಿಗ್ಗೆ ಖುಷಿಯಿಂದಲೇ ಹೊರಡುತ್ತಾಳೆ. ಆದರೆ ಲೆಕ್ಕಗಳನ್ನು ಬೇಗ ಮುಗಿಸಿ, ಉಳಿದವರು ಮುಗಿಸುವವರೆಗೆ ಪುಸ್ತಕದ ಅಂಚಿನಲ್ಲಿ ಬೆಕ್ಕಿನ ಚಿತ್ರ ಬಿಡಿಸುತ್ತಾ ಕೂರುತ್ತಾಳೆ. ಪರಿಚಯದವರೆಲ್ಲ ಮಕ್ಕಳನ್ನು ಖಾಸಗಿ ಶಾಲೆಗೆ ಬದಲಿಸುತ್ತಿದ್ದಾರೆ. ನಾವೂ ಮುಂದಿನ ಸೆಪ್ಟೆಂಬರಿನಲ್ಲೇ ಸೇರಿಸಬೇಕೇ, ಅಥವಾ ಹನ್ನೊಂದು ವರ್ಷವಾಗುವವರೆಗೆ ಕಾಯಬಹುದೇ? ಅವಳಿಗೆ ಮೂರು ವರ್ಷದ ತಮ್ಮನಿದ್ದಾನೆ.
– ಒಬ್ಬ ತಾಯಿ, ಇಂಗ್ಲೆಂಡ್

ಉತ್ತರ: ನೀವು ಬರೆದಿರುವಷ್ಟರಿಂದ ಹೇಳುವುದಾದರೆ, ಕಾಯಬಹುದು, ಕಾಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಖಾಸಗಿ ಶಾಲೆಗಳು ಸಾಮಾನ್ಯವಾಗಿ ಮಕ್ಕಳನ್ನು ನಾಲ್ಕು, ಏಳು, ಎಂಟು, ಹನ್ನೊಂದು, ಹದಿಮೂರು ಮತ್ತು ಹದಿನಾರನೆಯ ವಯಸ್ಸಿನಲ್ಲಿ ಸೇರಿಸಿಕೊಳ್ಳುತ್ತವೆ. ಇವುಗಳಲ್ಲಿ ಹನ್ನೊಂದಕ್ಕೆ ಒಂದು ವಿಶೇಷವಿದೆ: ಆ ವಯಸ್ಸಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳೂ ಪ್ರಾಥಮಿಕ ಶಾಲೆ ಬಿಟ್ಟು ಪ್ರೌಢಶಾಲೆಗೆ ಹೋಗಲೇಬೇಕಾಗಿರುವುದರಿಂದ, ನಿಮ್ಮ ಮಗಳೊಬ್ಬಳೇ ಗೆಳತಿಯರನ್ನು ಬಿಟ್ಟು ಹೋದಂತಾಗುವುದಿಲ್ಲ, ಹೊಸ ತರಗತಿಯಲ್ಲೂ ಬಹಳಷ್ಟು ಮಕ್ಕಳು ಅವಳಂತೆಯೇ ಹೊಸಬರಾಗಿರುತ್ತಾರೆ. ಇಯರ್ ಫೈವ್‌ಗೆ ನಡುವೆ ಖಾಲಿಯಾದ ಒಂದು ಸೀಟಿಗೆ ಸೇರುವ ಮಗುವಿಗೆ ಈ ಅನುಕೂಲವಿರುವುದಿಲ್ಲ. ಅಲ್ಲಿ ಗೆಳೆತನದ ಗುಂಪುಗಳು ಆಗಲೇ ಗಟ್ಟಿಯಾಗಿರುತ್ತವೆ.

ಬೆಕ್ಕಿನ ಚಿತ್ರಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ. ತರಗತಿಯ ಶಿಕ್ಷಕಿಯನ್ನು ಭೇಟಿಯಾಗಲು ಹದಿನೈದು ನಿಮಿಷ ಕೇಳಿ, ಮಗಳ ಗಣಿತದ ಪುಸ್ತಕವನ್ನು ಮುಂದಿಟ್ಟುಕೊಂಡು ಪುಟ ತಿರುವಿ ನೋಡಿ. ಅಂಚಿನಲ್ಲಿ ಚಿತ್ರವಿರುವ ಪುಟಗಳಲ್ಲಿ ಉತ್ತರಗಳೆಲ್ಲ ಸರಿಯಿದ್ದು, ಕೆಳಗೆ ಬೇರೆ ಯಾವ ಕಠಿಣ ಲೆಕ್ಕವೂ ಇಲ್ಲದಿದ್ದರೆ, ಬೇಗ ಮುಗಿಸಿದವರಿಗೆ ಮುಂದೇನು ಕೊಡುತ್ತೀರಿ ಎಂದು ವಿನಯದಿಂದಲೇ, ಆದರೆ ನೇರವಾಗಿ ಕೇಳಿ. ಮುಂದಿನ ಪಾಠಕ್ಕೆ ಜಿಗಿಯದೆ, ಅದೇ ಪಾಠವನ್ನು ಆಳವಾಗಿ ಕಲಿಸುವ ಕ್ರಮ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿದೆ. ಒಳ್ಳೆಯ ಶಿಕ್ಷಕಿಯಾದರೆ ಒಂದೆರಡು ವಾರಗಳಲ್ಲೇ ವ್ಯತ್ಯಾಸ ಕಾಣಿಸುತ್ತದೆ. ಎರಡು ಟರ್ಮ್ (ಶಾಲಾ ವರ್ಷದ ಮೂರು ಭಾಗಗಳಲ್ಲಿ ಒಂದೊಂದೂ ಒಂದು ಟರ್ಮ್) ಕಳೆದರೂ ಏನೂ ಬದಲಾಗದಿದ್ದರೆ, ಕಲಿಯುವ ಆಸೆಯೇ ಕುಗ್ಗುತ್ತಿದ್ದರೆ, ಅಥವಾ ಯಾರಾದರೂ ಅವಳನ್ನು ಪೀಡಿಸುತ್ತಿದ್ದು ಶಾಲೆ ಕೈಕಟ್ಟಿ ಕುಳಿತಿದ್ದರೆ, ಆಗ ಹನ್ನೊಂದರವರೆಗೆ ಕಾಯಿರಿ ಎಂದು ನಾನು ಹೇಳುವುದಿಲ್ಲ. ಪರಿಚಯದವರು ಬದಲಿಸುತ್ತಿದ್ದಾರೆ ಎಂಬುದಂತೂ ಕಾರಣವೇ ಅಲ್ಲ. ಅವರ ಮಗುವಿನ ಸ್ಥಿತಿ ನಿಮಗೆ ಗೊತ್ತಿಲ್ಲ, ಅವರ ಬ್ಯಾಂಕ್ ಖಾತೆಯೂ ಗೊತ್ತಿಲ್ಲ.

ಹಣದ ಮಾತನ್ನು ಸಂಕೋಚವಿಲ್ಲದೆ ಆಡಬೇಕು. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇಕಡಾ 20ರಷ್ಟು ವ್ಯಾಟ್ ಬಿದ್ದಿದೆ. ತೆರಿಗೆಗೆ ಮುಂಚೆ ವರ್ಷಕ್ಕೆ 18,000 ಪೌಂಡ್ ಶುಲ್ಕವಿರುವ ಶಾಲೆಯೊಂದು ತೆರಿಗೆಯನ್ನು ಪೂರ್ತಿಯಾಗಿ ಪೋಷಕರ ಮೇಲೆ ಹಾಕಿದರೆ, ನೀವು ಕಟ್ಟಬೇಕಾದದ್ದು 21,600 ಪೌಂಡ್. ಹನ್ನೊಂದರಿಂದ ಹದಿನೆಂಟರವರೆಗಿನ ಏಳು ವರ್ಷಗಳಿಗೆ ಅದು 1,51,200 ಪೌಂಡ್ ಆಗುತ್ತದೆ. ಇಯರ್ ಫೈವ್‌ನಿಂದಲೇ ಶುರು ಮಾಡಿದರೆ ಒಂಬತ್ತು ವರ್ಷಗಳಿಗೆ 1,94,400. ಪ್ರತಿ ವರ್ಷದ ಏರಿಕೆ, ಸಮವಸ್ತ್ರ, ಬಸ್ಸು, ಪ್ರವಾಸಗಳ ಖರ್ಚು ಇದರಲ್ಲಿ ಸೇರಿಲ್ಲ, ಮತ್ತು ಇದೆಲ್ಲ ಆದಾಯ ತೆರಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿದ ಹಣದಿಂದ ಹೋಗಬೇಕು. ಈಗ ಮಗನ ಹೆಸರನ್ನೂ ಪಕ್ಕದಲ್ಲಿ ಬರೆದು ಇನ್ನೊಮ್ಮೆ ಕೂಡಿಸಿ. ಅಕ್ಕನಿಗೆ ಕೊಟ್ಟದ್ದನ್ನು ತಮ್ಮನಿಗೆ ಕೊಡಲಾಗದೆ ಹೋದರೆ ಅದು ಮನೆಯೊಳಗೆ ಬಹುಕಾಲ ಉಳಿಯುವ ನೋವಾಗುತ್ತದೆ. ಇಬ್ಬರಲ್ಲಿ ಒಬ್ಬರ ಕೆಲಸ ಆರು ತಿಂಗಳು ನಿಂತರೂ ಶುಲ್ಕ ಕಟ್ಟಲು ಸಾಧ್ಯವೇ ಎಂಬುದನ್ನೂ ನೋಡಿಕೊಳ್ಳಿ. ಕುಟುಂಬದ ಆದಾಯ ನೋಡಿ ಶುಲ್ಕ ಕಡಿಮೆ ಮಾಡುವ ಬರ್ಸರಿ ಅನೇಕ ಶಾಲೆಗಳಲ್ಲಿದೆ, ಕೇಳಲು ಹಿಂಜರಿಯಬೇಡಿ.

ನಾನು ಕಂಡಂತೆ ಅತಿ ಕೆಟ್ಟ ಬದಲಾವಣೆ ಎಂದರೆ, ಹಣ ಸಾಲದೆ ಮಗುವನ್ನು ಹದಿನಾಲ್ಕು-ಹದಿನೈದರ ವಯಸ್ಸಿನ ಇಯರ್ ಟೆನ್‌ನ ನಡುವೆ ಹೊರತರಬೇಕಾಗಿ ಬರುವುದು. ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಸಾಮಾನ್ಯವಾಗಿ ಎರಡು ವರ್ಷಗಳ ಓದು, ಶಾಲೆಯಿಂದ ಶಾಲೆಗೆ ಪರೀಕ್ಷಾ ಮಂಡಳಿ ಬೇರೆಯಿರಬಹುದು, ಖಾಸಗಿ ಶಾಲೆಗಳಲ್ಲಿ ಹಲವು ವಿಷಯಗಳಿಗೆ ಅದರ ಅಂತರರಾಷ್ಟ್ರೀಯ ರೂಪವಾದ ಐಜಿಸಿಎಸ್‌ಇ ಇರುತ್ತದೆ. ಅರ್ಧ ಓದಿದ್ದು ಹೊಸ ಶಾಲೆಯಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು. ಎರಡು ವರ್ಷ ತಡವಾಗಿ ಸೇರಿದರೆ ಅಂತಹ ನಷ್ಟವೇನೂ ಇಲ್ಲ.

ಹನ್ನೊಂದಕ್ಕೆ ಎಂದು ನಿರ್ಧರಿಸಿದರೆ ಇಯರ್ ಫೈವ್‌ನಲ್ಲಿ ಶಾಲೆಗಳನ್ನು ನೋಡಿ ಬನ್ನಿ, ಮಗಳನ್ನೂ ಕರೆದೊಯ್ಯಿರಿ. ಹೆಚ್ಚಿನ ಶಾಲೆಗಳ ಪ್ರವೇಶ ಪರೀಕ್ಷೆ ಇಯರ್ ಸಿಕ್ಸ್‌ನ ಚಳಿಗಾಲದಲ್ಲಿ, ನೋಂದಣಿ ಅದಕ್ಕೂ ಮೊದಲು. ಅದರ ಜೊತೆಗೇ ಸರ್ಕಾರಿ ಪ್ರೌಢಶಾಲೆಯ ಅರ್ಜಿಯನ್ನೂ ಇಯರ್ ಸಿಕ್ಸ್‌ನ ಅಕ್ಟೋಬರ್ 31ರೊಳಗೆ ತಪ್ಪದೆ ಹಾಕಿ. ಅದರ ಫಲಿತಾಂಶ ಮಾರ್ಚ್ 1ರ ಹೊತ್ತಿಗೆ ಬರುತ್ತದೆ. ಖಾಸಗಿ ಶಾಲೆಯ ಕರಾರಿಗೆ ಸಹಿ ಹಾಕುವ ಮುನ್ನ ಬಿಡುವ ನಿಯಮವನ್ನು ಓದಿಕೊಳ್ಳಿ: ಸಾಮಾನ್ಯವಾಗಿ ಒಂದು ಪೂರ್ಣ ಟರ್ಮ್ ಮುಂಚೆ ಲಿಖಿತ ಸೂಚನೆ ಕೊಡಬೇಕು, ಇಲ್ಲದಿದ್ದರೆ ಮಗು ಹೋಗದ ಆ ಟರ್ಮಿನ ಶುಲ್ಕವನ್ನೂ ಕಟ್ಟಬೇಕಾಗುತ್ತದೆ.