ಒತ್ತಕ್ಷರಕ್ಕೂ ಜಾಗ ಕೊಡಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 67. ಬೆಳಗಿನ ಕಾಫಿಯ ಜೊತೆ ಒಂದು ಕನ್ನಡ ಸಾಹಿತ್ಯ ಜಾಲತಾಣವನ್ನು ಮೊಬೈಲಿನಲ್ಲಿ ಓದುವುದು ಆರು ವರ್ಷಗಳ ರೂಢಿ. ಕಳೆದ ತಿಂಗಳು ಅವರು ತಾಣದ ರೂಪವನ್ನೇ ಬದಲಿಸಿದರು. ನೋಡಲು ಅಂದವಾಗಿದೆ, ಆದರೆ ನಾಲ್ಕು ಪ್ಯಾರಾ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ಅಭಿಪ್ರಾಯ ತಿಳಿಸಿ ಎಂದು ಅವರೇ ಕೇಳಿದ್ದರಿಂದ ‘ಓದಲು ಕಷ್ಟ, ಹಳೆಯದೇ ಚೆನ್ನಾಗಿತ್ತು’ ಎಂದು ಬರೆದೆ. ‘ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ’ ಎಂಬ ಉತ್ತರ ಬಂತು. ಕನ್ನಡಕದ ಪವರ್ ಸರಿಯಾಗಿದೆ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಹಾಗಾದರೆ ತಪ್ಪು ಯಾರದು?
– ಓದುಗರೊಬ್ಬರು, ಸಾಗರ

ಉತ್ತರ: ಮೇಡಂ, ತಪ್ಪು ನಿಮ್ಮ ಕಣ್ಣಿನದಲ್ಲ. ನೀವು ಕಳುಹಿಸಿದ ಕೊಂಡಿಯನ್ನು ತೆರೆದು, ನನ್ನ ಫೋನಿನಲ್ಲೂ ಮಗಳ ಲ್ಯಾಪ್‌ಟಾಪಿನಲ್ಲೂ ಒಂದು ಸಂಜೆಯಿಡೀ ನೋಡಿದೆ. ಓದಿ ನನಗೂ ಕಣ್ಣು ಉರಿಯಿತು.

ಮೊದಲು ಬಣ್ಣ. ಬಿಳಿಯ ಮೇಲೆ ತೆಳು ಬೂದು ಅಕ್ಷರ. ಇದು ರುಚಿಯ ಪ್ರಶ್ನೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಇದಕ್ಕೆ ಅಳತೆಯಿದೆ. ಅಂತರಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಬಣ್ಣದ ಸಂಕೇತದಲ್ಲಿ ಆರು ಒಂಬತ್ತುಗಳಿರುವ (#999999) ಬೂದನ್ನು ಬಿಳಿಯ ಮೇಲೆ ಇಟ್ಟರೆ ಆ ಅನುಪಾತ 2.85 ಮಾತ್ರ. ನಿಮ್ಮ ತಾಣದವರು ಬಳಸಿರುವುದು ಅದೇ ಬೂದು. ಇದಕ್ಕೆ ಯಾರೂ ಅಭ್ಯಾಸವಾಗಬೇಕಾಗಿಲ್ಲ.

ಆದರೆ ನನ್ನನ್ನು ನಿಜವಾಗಿ ನೋಯಿಸಿದ್ದು ಎರಡನೆಯ ಸಂಗತಿ. 1989ರಲ್ಲಿ ನಾನು ಧಾರವಾಡದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಾಗ ಅಲ್ಲಿ ಇನ್ನೂ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಎರಡು ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಕೂರಿಸುವಾಗ ಹಿರಿಯ ಕಂಪೋಸಿಟರ್ ಒಬ್ಬರು ‘ಕೆಳಗಿನವರಿಗೂ ಉಸಿರಾಡಲು ಬಿಡಬೇಕು’ ಎನ್ನುತ್ತಿದ್ದರು. ಕೆಳಗಿನವರು ಎಂದರೆ ಒತ್ತುಗಳು. ಇಂಗ್ಲಿಷಿನ ಸಾಲಿನಲ್ಲಿ ಬೇಸ್‌ಲೈನಿನ, ಅಂದರೆ ಅಕ್ಷರಗಳು ಕೂರುವ ಗೆರೆಯ, ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಒಂದು ಇಡೀ ಅಕ್ಷರವೇ ಕೆಳಗೆ ಹೋಗಿ ಕೂರುತ್ತದೆ, ‘ಸ್ವಾತಂತ್ರ್ಯ’ದ ತಕಾರಕ್ಕಂತೂ ಎರಡು ಒತ್ತು. ಮುಂದಿನ ಸಾಲಿನ ತಲೆಕಟ್ಟು, ಗುಡಿಸು, ಏತ್ವಗಳು ಮೇಲಕ್ಕೆ ಏರಿ ಬರುತ್ತವೆ. ನಿಮ್ಮ ತಾಣದಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದೆ. ಅದು ಇಂಗ್ಲಿಷ್ ಶೀರ್ಷಿಕೆಗೆ ಸಾಲುವ ಅಳತೆ. ಕನ್ನಡದ ಪಠ್ಯಕ್ಕೆ 1.6ಕ್ಕಿಂತ ಕಡಿಮೆ ಮಾಡಬಾರದು ಎಂಬುದು ನನ್ನ ಅನುಭವ.

ಮುಖಪುಟದ ಪೆಟ್ಟಿಗೆಗಳನ್ನು ನೋಡಿದಿರಾ? ಶೀರ್ಷಿಕೆಗೆ ನಿಗದಿತ ಎತ್ತರ ಕೊಟ್ಟು, ಉಳಿದದ್ದನ್ನು ಮರೆಮಾಡು ಎಂದು ಕೋಡಿನಲ್ಲಿ ಬರೆದಿದ್ದಾರೆ. ಉಳಿದದ್ದು ಎಂದರೆ ನಮ್ಮ ಒತ್ತು! ‘ನಮ್ಮೂರ ಹಳ್ಳಿಯ ಹಾದಿ’ ಎಂಬ ಲೇಖನದ ಹೆಸರಿನಲ್ಲಿ ಳಕಾರದ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿ, ಕಣ್ಣಿಗೆ ಕಾಣುವುದು ‘ಹಳಿಯ ಹಾದಿ’. ಹಳ್ಳಿ ಹೋಗಿ ರೈಲು ಬಂತು. ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದವರು ನೀವು. ಇದು ಎಷ್ಟು ದೊಡ್ಡ ತಪ್ಪು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ‘ಹಳೆಯದೇ ಚೆನ್ನಾಗಿತ್ತು’ ಎಂಬ ನಿಮ್ಮ ಮಾತು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ, ಕ್ಷಮಿಸಿ. ಹೊಸದು ಬಂದಾಗ ಕೈ ಹಳೆಯ ಜಾಗವನ್ನೇ ಹುಡುಕುತ್ತದೆ, ಆ ಸಿಟ್ಟು ನಿಜಕ್ಕೂ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇಂಗ್ಲಿಷ್ ವಿಕಿಪೀಡಿಯ 2010ರಿಂದ ಇದ್ದ ರೂಪವನ್ನು ಬಿಟ್ಟು 2023ರ ಜನವರಿ 18ರಂದು ಹೊಸ ರೂಪಕ್ಕೆ ಬಂದಾಗ ಪರಿವಿಡಿ ಎಡಗಡೆಗೆ ಸರಿದದ್ದು ನನಗೂ ಹಿಡಿಸಿರಲಿಲ್ಲ. ಈಗ ಉದ್ದದ ಲೇಖನ ಓದುವಾಗ ಅದು ಪಕ್ಕದಲ್ಲೇ ಇರುವುದು ಎಷ್ಟು ಅನುಕೂಲ! ಆದರೆ ಅಲ್ಲಿ ಇನ್ನೊಂದು ದೂರೂ ಇತ್ತು: ಸಾಲುಗಳನ್ನು ಗಿಡ್ಡ ಮಾಡಿದ್ದರಿಂದ ದೊಡ್ಡ ಪರದೆಯ ಎರಡೂ ಬದಿ ಖಾಲಿ ಬಿದ್ದಿದೆ ಎಂದು. ತೀರಾ ಉದ್ದದ ಸಾಲಿನ ಕೊನೆಯಿಂದ ಮುಂದಿನ ಸಾಲಿನ ಆರಂಭಕ್ಕೆ ಬರುವಾಗ ಕಣ್ಣು ದಾರಿ ತಪ್ಪುತ್ತದೆ ಎಂಬುದು ವಿನ್ಯಾಸಕಾರರ ಸಮರ್ಥನೆ. ಅದರಲ್ಲಿ ಹುರುಳಿದೆ. ಆದರೂ ಅಗಲ ಹೆಚ್ಚಿಸಿಕೊಳ್ಳುವ ಗುಂಡಿಯನ್ನು ಕೊಟ್ಟರು. ಆಮೇಲೆ ಅಕ್ಷರದ ಗಾತ್ರ, ಪುಟದ ಅಗಲ, ಕಪ್ಪು ಹಿನ್ನೆಲೆಗಳನ್ನು ಓದುಗರೇ ಆರಿಸಿಕೊಳ್ಳುವ ಪಟ್ಟಿಯೂ ಬಂತು. ಅದರ ಗುರುತು ಒಂದು ಕನ್ನಡಕದ ಚಿತ್ರ. ಏನು ಬೇಡ ಎಂದು ಬಿಡಿಸಿ ಹೇಳಿದ ದೂರಿಗೆ ಒಂದು ಗುಂಡಿಯನ್ನಾದರೂ ಕೊಡಬಹುದು. ಬರಿಯ ‘ಚೆನ್ನಾಗಿಲ್ಲ’ ಎಂಬ ಮಾತಿಗೆ ಯಾರು ಏನು ಮಾಡಲು ಸಾಧ್ಯ?

ಆದ್ದರಿಂದ ಇನ್ನೊಮ್ಮೆ ಬರೆಯಿರಿ. ಯಾವ ಪುಟ, ಯಾವ ಫೋನು, ಯಾವ ಬ್ರೌಸರ್ ಎಂದು ತಿಳಿಸಿ. ಪರದೆಯ ಚಿತ್ರ ತೆಗೆದು, ಒತ್ತು ಕತ್ತರಿಸಿರುವ ಪದಕ್ಕೆ ಬೆರಳಿನಿಂದಲೇ ಕೆಂಪು ಸುತ್ತು ಹಾಕಿ ಲಗತ್ತಿಸಿ. ಫೋನಿನ ಹೆಸರು ಏಕೆ ಮುಖ್ಯವೆಂದರೆ, ತಾಣ ತನ್ನದೇ ಲಿಪಿವಿನ್ಯಾಸವನ್ನು (ಫಾಂಟ್) ಕಳುಹಿಸದಿದ್ದರೆ ಪ್ರತಿ ಯಂತ್ರವೂ ತನ್ನಲ್ಲಿ ಇರುವುದನ್ನು ತೊಡಿಸುತ್ತದೆ: ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಆಂಡ್ರಾಯ್ಡಿನಲ್ಲಿ ನೋಟೋ. ವಿನ್ಯಾಸ ಮಾಡಿದ ಹುಡುಗನ ಪರದೆಯಲ್ಲಿ ಒತ್ತು ಪೂರ್ತಿ ಕಂಡಿರಬಹುದು. ನಿಮ್ಮ ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಅವನಿಗೆ ತೋರಿಸಬೇಕಾದವರು ನೀವೇ.

ಪ್ರಶ್ನೆ: ನಾನು ಜಾಲತಾಣಗಳ ವಿನ್ಯಾಸಕಾರ. ರೂಪ ಬದಲಿಸಿದಾಗಲೆಲ್ಲ ಬೈಗುಳ ಬರುತ್ತದೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ‘ಎಲ್ಲಿದೆ’ ಎಂದು ಕೇಳುವ ಪತ್ರಗಳಿಗೆ ಎರಡು ವಾರ ಕಾಯಿರಿ, ಅವು ತಾವಾಗಿ ಕಡಿಮೆಯಾಗುತ್ತವೆ. ‘ಓದಲಾಗುತ್ತಿಲ್ಲ’ ಎನ್ನುವ ಪತ್ರ ಒಂದೇ ಬಂದರೂ ಅದೇ ದಿನ ನೋಡಿ. ಹಾಗೆ ಬರೆದವರೊಬ್ಬರ ಹಿಂದೆ, ಬರೆಯದೆಯೇ ಓದು ಬಿಟ್ಟವರು ಇರುತ್ತಾರೆ.

ಇನ್ನೊಂದು ಕೋರಿಕೆ. ಪುಟದ ಮಾದರಿ ಸಿದ್ಧಪಡಿಸುವಾಗ ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಪಠ್ಯವನ್ನು ತುಂಬಬೇಡಿ, ಮೊದಲ ದಿನದಿಂದಲೇ ಕನ್ನಡ ತುಂಬಿ. ನಾನು ಇಂದಿಗೂ ಯಾವುದೇ ಹೊಸ ಲಿಪಿವಿನ್ಯಾಸವನ್ನು ಐದು ಪದಗಳಿಂದ ಪರೀಕ್ಷಿಸುತ್ತೇನೆ: ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಸೂರ್ಯ, ಕೃಷ್ಣ. ಒತ್ತು, ಅರ್ಕಾವತ್ತು, ವಟ್ರಸುಳಿ ಎಲ್ಲವೂ ಇವುಗಳಲ್ಲಿ ಸಿಗುತ್ತವೆ. ದಪ್ಪ ಅಕ್ಷರದಲ್ಲೂ ನೋಡಿ. ಲಿಪಿವಿನ್ಯಾಸಕ್ಕೆ ದಪ್ಪ ರೂಪವೇ ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಹಿಗ್ಗಿಸುತ್ತದೆ, ಆಗ ಷ್ಟ್ರದ ಒತ್ತುಗಳು ಮಸಿಯ ಚುಕ್ಕೆಯಾಗುತ್ತವೆ. ಲಿಪಿವಿನ್ಯಾಸ ಸಂಸ್ಥೆಯಾದ ಏಕ್ ಟೈಪ್‌ನವರು 2022ರಲ್ಲಿ ಬಿಡುಗಡೆ ಮಾಡಿದ ‘ಅನೇಕ್ ಕನ್ನಡ’ ಎಂಬ ಲಿಪಿವಿನ್ಯಾಸ ಉಚಿತವಾಗಿ ಸಿಗುತ್ತದೆ, ತೆಳುವಿನಿಂದ ತೀರಾ ದಪ್ಪದವರೆಗೆ ಅದರಲ್ಲಿ ಹಲವು ತೂಕಗಳಿವೆ. ಬಳಸಿ ನೋಡಿ.

ಆಮೇಲೆ ಆ ಪುಟವನ್ನು ನಿಮ್ಮ ಅಜ್ಜಿಯ ಫೋನಿನಲ್ಲಿ ತೆರೆದು, ಅವರಿಂದ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.