ಮ್ಯಾನೇಜರ್ ‘ರನ್’ ಅಂದರೆ ನಿಂತು ಕೇಳು

ತಮ್ಮಾ,

ನಿನ್ನ ಮೆಸೇಜ್ ಓದಿದೆ. ಶಾಂಬರ್ಗ್‌ಗೆ ಬಂದು, ಶಿಕಾಗೋ ಪಕ್ಕದ ಈ ಊರಲ್ಲಿ ಎರಡು ತಿಂಗಳೂ ಆಗಿಲ್ಲ, ಪ್ರಶ್ನೆಗಳು ಮಾತ್ರ ಒಂದು ಪುಟ. ಜಾಕೆಟ್ ಎಂಥದ್ದು ತಗೊಳ್ಳಲಿ, ಲೈಸೆನ್ಸ್ ಯಾವಾಗ ಮಾಡಿಸಲಿ, ಮನೆಗೆ ಒಂದು ವರ್ಷದ ಲೀಸ್‌ಗೆ ಸಹಿ ಹಾಕಲೋ ಬೇಡವೋ, ಹೆಂಡತಿಯನ್ನು ಯಾವಾಗ ಕರೆಸಿಕೊಳ್ಳಲಿ. ಕೊನೆಗೆ, ಅಷ್ಟೇನೂ ಮುಖ್ಯವಲ್ಲ ಅನ್ನುವ ಹಾಗೆ ಒಂದು ಮಾತು ಸೇರಿಸಿದ್ದೀಯ: ‘ಅಣ್ಣಾ, ಇಲ್ಲಿ ಎಲ್ಲದಕ್ಕೂ ರನ್ ಅಂತಾರೆ, ತಲೆ ಕೆಡ್ತಿದೆ. ಮೊನ್ನೆ ಮ್ಯಾನೇಜರ್ ಕೂಡ, ಈ ಪ್ರಾಜೆಕ್ಟ್ ಹ್ಯಾಸ್ ಪ್ರಾಬಬ್ಲಿ ರನ್ ಇಟ್ಸ್ ಕೋರ್ಸ್ ಅಂದ್ರು. ನಾನು ಯೆಸ್ ಯೆಸ್ ಅಂದೆ. ಚೆನ್ನಾಗಿ ಓಡ್ತಿದೆ ಅಂತ ತಾನೆ?’

ಅಲ್ಲ. ಬಾಕಿ ಪ್ರಶ್ನೆಗಳನ್ನು ಬೇಗ ಮುಗಿಸಿ ಇದಕ್ಕೆ ಬರುತ್ತೇನೆ.

ಜಾಕೆಟ್ ಮೊಣಕಾಲಿನ ತನಕ ಬರಬೇಕು, ಟೋಪಿ ಇರಬೇಕು. ಬೆಂಗಳೂರಿನ ಸ್ವೆಟರ್ ನಂಬಿಕೊಂಡು ಕೂರಬೇಡ. ಇಲಿನಾಯ್ಸ್‌ಗೆ ವಾಸಕ್ಕೆ ಬಂದವರು 90 ದಿನದೊಳಗೆ ಇಲ್ಲಿನ ಲೈಸೆನ್ಸ್ ಮಾಡಿಸಬೇಕು, ಮುಂದೂಡಬೇಡ. ದಿನಸಿಗೆ ಏನೂ ತೊಂದರೆ ಇಲ್ಲ. ಪಟೇಲ್ ಬ್ರದರ್ಸ್ 1974ರಲ್ಲಿ ಶುರುವಾದದ್ದೇ ಈ ಶಿಕಾಗೋದ ಡೆವಾನ್ ಅವೆನ್ಯೂನಲ್ಲಿ. ಸೋನಾ ಮಸೂರಿ, ಎಂಟಿಆರ್ ಪುಡಿಗಳು ಎಲ್ಲಾ ಸಿಗುತ್ತವೆ. ಫ್ರೀಜರ್‌ನಲ್ಲಿ ಅವರೆಕಾಳೂ ಇರುತ್ತೆ. ಸೊಗಡು ಮಾತ್ರ ಕೇಳಬೇಡ.

ಇನ್ನು ರನ್. ನಿನ್ನ ತಲೆ ಕೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಬಹಳ ಕಾಲ ‘ಸೆಟ್’ ಅನ್ನುವ ಪದಕ್ಕೇ ಅತಿ ಹೆಚ್ಚು ಅರ್ಥಗಳಿದ್ದವು. ಹೊಸ ಆವೃತ್ತಿಗೆ ‘ರನ್’ ಪದವನ್ನು ಪರಿಷ್ಕರಿಸಿದಾಗ ಕ್ರಿಯಾಪದವೊಂದಕ್ಕೇ 645 ಅರ್ಥಗಳು ಲೆಕ್ಕ ಸಿಕ್ಕವು. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು. ನೀನು ಎರಡು ತಿಂಗಳಲ್ಲಿ ಹತ್ತೋ ಹದಿನೈದೋ ಹಿಡಿದಿದ್ದರೆ ಸಾಕು. ನಮ್ಮ ಓಡುವುದೂ ಸುಮ್ನೆ ಏನಲ್ಲ. ಬಸ್ಸು ಓಡುತ್ತೆ, ಅಂಗಡಿ ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ, ಕಾಫಿ ಬೀಳದಿದ್ದರೆ ತಲೆ ಓಡಲ್ಲ. ಅವರ ಮಗಳು ಓಡಿಹೋದಳಂತೆ ಅಂದರೆ ಎಷ್ಟು ವೇಗದಲ್ಲಿ ಅಂತ ಯಾರೂ ಕೇಳಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿದ್ದಕ್ಕೆ ನಮಗೆ ಅದೆಲ್ಲ ತಾನಾಗಿ ಗೊತ್ತು. ಇಲ್ಲಿ ಒಂದೊಂದನ್ನೂ ಕೇಳಿ ಕೇಳಿ ತಿಳ್ಕೋಬೇಕು.

ಪಕ್ಕದ ಅಪಾರ್ಟ್‌ಮೆಂಟಿನವರು ‘ಕಾಸ್ಟ್ಕೋ ರನ್ ಹೊರಟಿದ್ದೇನೆ, ಏನಾದ್ರೂ ಬೇಕಾ’ ಅಂದರೆ, ಕಾರಿನಲ್ಲಿ ಕಾಸ್ಟ್ಕೋ ಅನ್ನುವ ದೊಡ್ಡ ಅಂಗಡಿಗೆ ಹೋಗಿ ಸಾಮಾನು ತರ್ತೀನಿ ಅಂತ. ಸಂತೆಗೆ ಹೊರಟವರ ಕೈಗೆ ಚೀಲ, ಚೀಟಿ ಎರಡೂ ಕೊಡುವ ನಮ್ಮ ಪದ್ಧತಿ ಇಲ್ಲಿ ಬೇಡ. ಒಂದು ಕ್ಯಾನ್ ಹಾಲು ಹೇಳು, ರಾತ್ರಿಯೊಳಗೆ ದುಡ್ಡು ಕಳಿಸಿಬಿಡು. ಮನೆ ಬಾಡಿಗೆಗೆ ಕೊಡುವವರು ‘ನಿಮ್ಮ ಕ್ರೆಡಿಟ್ ರನ್ ಮಾಡ್ತೀವಿ’ ಅಂದರೆ ನಿನ್ನ ಸಾಲದ ಚರಿತ್ರೆ ತೆಗೆದು ನೋಡ್ತಾರೆ. ನಿನಗಿನ್ನೂ ಚರಿತ್ರೆಯೇ ಇಲ್ಲ, ಹಾಗಾಗಿ ಡೆಪಾಸಿಟ್ ಜಾಸ್ತಿ ಕೇಳಬಹುದು. ಅದಕ್ಕೆ ಮುಖ ಸಣ್ಣ ಮಾಡ್ಕೋಬೇಡ. ಊರಲ್ಲಿ ಅಪ್ಪನ ಹೆಸರು ಹೇಳಿದರೆ ಮನೆ ಕೊಡುತ್ತಿದ್ದರು, ಇಲ್ಲಿ ಅಪ್ಪನ ಹೆಸರು ಕೇಳುವವರಿಲ್ಲ. ಕೆಂಪು ದೀಪ ರನ್ ಮಾಡಿದೆ ಅಂದರೆ ಸಿಗ್ನಲ್ ದಾಟಿಬಿಟ್ಟೆ ಅಂತ. ಶಿಕಾಗೋದಲ್ಲಿ ಕ್ಯಾಮೆರಾ ಹಿಡಿದರೆ 100 ಡಾಲರ್.

ಜನವರಿಯಲ್ಲಿ ಅಪಾರ್ಟ್‌ಮೆಂಟ್ ಆಫೀಸಿನಿಂದ ‘ನಲ್ಲಿ ರನ್ ಆಗ್ತಾ ಇರಲಿ’ ಅಂತ ಮೆಸೇಜ್ ಬರಬಹುದು. ಯಾರೋ ನೀರು ಪೋಲು ಮಾಡ್ತಿದ್ದಾರೆ ಅಂತ ಬೈತಿದ್ದಾರೆ ಅಂದ್ಕೋಬೇಡ. ಚಳಿಗೆ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತೆ, ಸಣ್ಣ ಧಾರೆಯಲ್ಲಿ ಬಿಟ್ಟಿರಬೇಕು. 2019ರ ಜನವರಿ 30ರಂದು ಇಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಆಗಿತ್ತು. ನಮ್ಮ ಲೆಕ್ಕದಲ್ಲಿ ಮೈನಸ್ 31ರ ಹತ್ತಿರ. ಊರಲ್ಲಿ ತೊಟ್ಟಿಕ್ಕುವ ನಲ್ಲಿ ಕಂಡರೆ ಅಮ್ಮ ಕೂಗಾಡುತ್ತಿದ್ದಳು. ಇಲ್ಲಿ ನಾನೇ ಬಿಟ್ಟು ಮಲಗಿದೆ.

ಡಾಕ್ಟರ ಹತ್ತಿರ ‘ಟೆಂಪರೇಚರ್ ರನ್ ಆಗ್ತಿದೆಯಾ’ ಅಂದರೆ ಜ್ವರ ಇದೆಯಾ ಅಂತ. ಆದರೆ ‘ದ ರನ್ಸ್’ ಅಂದರೆ ಭೇದಿ. ಇದನ್ನು ನೆನಪಿಟ್ಟುಕೋ, ಯಾಕೆಂದರೆ ನೀನೂ ಭಾನುವಾರ ಕ್ರಿಕೆಟ್ ಆಡೋಕೆ ಹೋಗುವವನೇ. ನಮ್ಮ ಟೀಮಿನ ಒಬ್ಬ ದಾವಣಗೆರೆ ಹುಡುಗ ಸೋಮವಾರ ಆಫೀಸಿನಲ್ಲಿ ವೀಕೆಂಡ್ ಹೇಗಿತ್ತು ಅಂತ ಕೇಳಿದವರಿಗೆ ‘ನಿನ್ನೆ ಪಾರ್ಕಿನಲ್ಲಿ ನನಗೆ ರನ್ಸ್ ಚೆನ್ನಾಗಿ ಬಂತು’ ಅಂತ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ. ಕೇಳಿದವಳು ಪಾಪ ಎಲೆಕ್ಟ್ರೋಲೈಟ್ ಕುಡೀರಿ ಅಂದಳಂತೆ.

ಚುನಾವಣೆ ಸುದ್ದಿಯಲ್ಲೂ ಇದೇ. ನಮ್ಮಲ್ಲಿ ಎಲೆಕ್ಷನ್‌ಗೆ ನಿಲ್ಲುತ್ತಾರೆ, ಬ್ರಿಟನ್ನಿನಲ್ಲೂ ನಿಲ್ಲುತ್ತಾರೆ, ಅಮೆರಿಕದಲ್ಲಿ ಓಡುತ್ತಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನಕ್ಕೆ ಓಡಿ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನಲ್ಲೇ, ಸೋತರು. ಆಮೇಲೆ ಡೆಟ್ರಾಯಿಟ್ ಕಡೆಯಿಂದ ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಓಡಿ ಗೆದ್ದು 2023ರ ಜನವರಿಯಲ್ಲಿ ಪ್ರಮಾಣವಚನ ತಗೊಂಡರು. ಅವರ ರಾಜಕೀಯ ಹೇಗೋ ಬೇರೆ ಮಾತು. ಆದರೆ ಆ ಸುದ್ದಿ ಓದಿದ ದಿನ ನಾನು ಸ್ವಲ್ಪ ಎದೆ ಉಬ್ಬಿಸಿಯೇ ಓಡಾಡಿದೆ.

ಆಫೀಸಿನ ರನ್‌ಗಳಲ್ಲಿ ಎರಡು ನಿನಗೆ ಈಗಲೇ ಬೇಕು. ‘ರನ್ ಇಟ್ ಬೈ ಮಿ’ ಅಂದರೆ ಮಾಡುವ ಮೊದಲು ನನಗೆ ತೋರಿಸು ಅಂತ. ಮಾಡಿದ ಮೇಲೆ ತಿಳಿಸಿದರೆ ಮುಖ ದಪ್ಪಗಾಗುತ್ತೆ. ‘ರನ್ ವಿತ್ ಇಟ್’ ಅಂದರೆ ಇನ್ನು ನಿನ್ನ ಜವಾಬ್ದಾರಿ, ಮುಂದುವರಿಸು ಅಂತ. ಆಮೇಲೂ ದಿನಕ್ಕೆ ನಾಲ್ಕು ಸಲ ಹೋಗಿ ಸರ್ ಓಕೆನಾ, ಸರ್ ಓಕೆನಾ ಅಂತ ಕೇಳುತ್ತಿದ್ದರೆ ಇವನ ಕೈಯಲ್ಲಿ ಆಗಲ್ಲ ಅಂತ ಬರೆದಿಟ್ಟುಕೊಳ್ಳುತ್ತಾರೆ. ಅಂದಹಾಗೆ, ಸರ್ ಅನ್ನುವುದನ್ನೂ ಬಿಡು.

ಈಗ ನಿನ್ನ ಮ್ಯಾನೇಜರ್ ಹೇಳಿದ್ದು. ನೆಗಡಿಗೆ ಔಷಧಿ ಬೇಡ, ‘ಲೆಟ್ ಇಟ್ ರನ್ ಇಟ್ಸ್ ಕೋರ್ಸ್’ ಅಂತಾರೆ. ಬರುವಷ್ಟು ದಿನ ಬಂದು ಹೋಗಲಿ ಅಂತ. ಪ್ರಾಜೆಕ್ಟ್‌ಗೆ ಅದೇ ಮಾತು ಹೇಳಿದರೆ ಅದರ ಆಯಸ್ಸು ಮುಗಿಯಿತು ಅಂತ. ಜೊತೆಗಿರುವ ‘ಪ್ರಾಬಬ್ಲಿ’ ಬರೀ ಮರ್ಯಾದೆಗೆ. ಅದನ್ನು ಹಿಡಿದು ನೇತಾಡಬೇಡ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. 2009ರ ಜನವರಿ. ಬ್ಯಾಂಕುಗಳು ಬಿದ್ದು, ದಿನಾ ಪೇಪರಿನಲ್ಲಿ ಕೆಲಸ ಹೋದವರ ಸುದ್ದಿ. ನಾನಾಗ ಯೂನಿಯನ್ ಸ್ಟೇಷನ್ ಹತ್ತಿರದ ಒಂದು ಕಂಪನಿಯಲ್ಲಿದ್ದೆ. ನಮ್ಮ ಮ್ಯಾನೇಜರ್ ವಿಸ್ಕಾನ್ಸಿನ್ ಕಡೆಯವನು. ಎತ್ತರದ ಆಳು, ಮೆತ್ತಗಿನ ಮಾತು, ಟೇಬಲ್ ಮೇಲೆ ಸದಾ ಒಂದು ಡಬ್ಬಿ ಕ್ಯಾರಮೆಲ್ ಪಾಪ್‌ಕಾರ್ನ್. ಒಂದು ಮಧ್ಯಾಹ್ನ ನನ್ನನ್ನು ರೂಮಿಗೆ ಕರೆದು, ಡಬ್ಬಿ ನನ್ನ ಕಡೆ ತಳ್ಳಿ, ‘ಯು ಗೈಸ್ ಹ್ಯಾವ್ ಹ್ಯಾಡ್ ಎ ಗ್ರೇಟ್ ರನ್ ಹಿಯರ್’ ಅಂದ. ಕೈ ಕುಲುಕಿದ. ನಾನು ಥ್ಯಾಂಕ್ಯೂ ಹೇಳಿ, ಎರಡು ಪಾಪ್‌ಕಾರ್ನ್ ಬಾಯಿಗೆ ಹಾಕ್ಕೊಂಡು ಬಂದೆ. ಕ್ರಿಕೆಟ್ ನೋಡಿ ಬೆಳೆದ ಕಿವಿ, ಗ್ರೇಟ್ ರನ್ ಅಂದರೆ ಇನ್ನೇನು ಕೇಳಿಸುತ್ತೆ? ಅವತ್ತು ರಾತ್ರಿ ಹಾಸನಕ್ಕೆ ಫೋನ್ ಮಾಡಿ ಮ್ಯಾನೇಜರ್ ಹೊಗಳಿದ ಅಂತ ಹೇಳಿದೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಫೆಬ್ರವರಿ ಕೊನೆಗೆ ಟೀಮ್ ಮುಚ್ಚಿದರು. ಬಾಕ್ಸ್ ಹಿಡಿದು ಲಿಫ್ಟ್ ಹತ್ತಿರ ನಿಂತಿದ್ದಾಗ ಅವನೇ ಬಂದ. ‘ಜನವರಿಯಲ್ಲೇ ಹೇಳಿದ್ದೆನಲ್ಲ, ಬೇರೆ ಕಡೆ ನೋಡ್ತಿದ್ದೀರಿ ಅಂದುಕೊಂಡಿದ್ದೆ’ ಅಂದ. ಅವನ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯ ಇತ್ತು. ಅವನ ಲೆಕ್ಕದಲ್ಲಿ ಅವನು ಹೇಳಿದ್ದ. ಗ್ರೇಟ್ ರನ್ ಆಯಿತು ಅಂದರೆ, ಇಲ್ಲಿಯ ತನಕ ಚೆನ್ನಾಗಿತ್ತು, ಇನ್ನು ಮುಗೀತು ಅಂತ. ಯೋಚಿಸಿದರೆ ನಾವೂ ಹೀಗೇ. ಹೆಣ್ಣು ನೋಡಿ ಉಪ್ಪಿಟ್ಟು ಕೇಸರಿಬಾತ್ ತಿಂದವರು ‘ಊರಿಗೆ ಹೋಗಿ ತಿಳಿಸ್ತೀವಿ’ ಅಂದರೆ ಏನರ್ಥ ಅಂತ ನಿನಗೆ ಯಾರಾದರೂ ಹೇಳಿಕೊಡಬೇಕಾ? ಇಲ್ಲಿಯವರೂ ಕೆಟ್ಟ ಸುದ್ದಿಯನ್ನು ಮೆತ್ತಗೆ ಸುತ್ತಿ ಕೊಡುತ್ತಾರೆ. ಅವರ ಸುತ್ತುವ ಕಾಗದ ನಮಗೆ ಗುರುತು ಸಿಗಲ್ಲ, ಅಷ್ಟೇ.

ಆ ಒಂದು ತಿಂಗಳು ನನಗೆ ಸಂಬಳ ಬರುತ್ತಿತ್ತು, ಸ್ಟೇಟಸ್, ಅಂದರೆ ಕಾನೂನು ಪ್ರಕಾರ ಇಲ್ಲಿ ಇರುವ ಹಕ್ಕು, ಇತ್ತು. ಆಗಲೇ ಬೇರೆ ಕೆಲಸ ಹುಡುಕಿ, ಆ ಕಂಪನಿಯಿಂದ ನನ್ನ ಕೆಲಸದ ವೀಸಾದ, ಅಂದರೆ ಎಚ್-1ಬಿಯ, ಟ್ರಾನ್ಸ್‌ಫರ್ ಹಾಕಿಸಬಹುದಿತ್ತು. ಕೆಲಸ ಹೋದ ಮೇಲೆ ಒಂದು ದಿನ ಉಳಿಯುವ ಅವಕಾಶವೂ ಆಗ ಕಾನೂನಿನಲ್ಲಿ ಇರಲಿಲ್ಲ. ಈಗಿನ 60 ದಿನದ ನಿಯಮ ಬಂದದ್ದು 2017ರ ಜನವರಿಯಲ್ಲಿ. ಹೇಗೋ ಏಪ್ರಿಲ್‌ನಲ್ಲಿ ಒಂದು ಸಣ್ಣ ಕಂಪನಿ ಕೆಲಸ ಕೊಟ್ಟಿತು. ಬೇಗ ತೀರ್ಮಾನ ಆಗುವ ಪ್ರೀಮಿಯಂ ಫೀ ಕಟ್ಟಲು ಅವರು ಒಪ್ಪಲಿಲ್ಲ. ನಡುವೆ ಸ್ಟೇಟಸ್ ಇಲ್ಲದ ದಿನಗಳಿವೆ, ಈಗ ದೇಶ ಬಿಟ್ಟು ಹೋದರೆ ವಾಪಸ್ ಬರುವ ಖಾತ್ರಿ ಇಲ್ಲ ಅಂತ ವಕೀಲರು ಹೇಳಿದರು.

ಮೇ ತಿಂಗಳಲ್ಲಿ ನನ್ನ ತಂಗಿ ಮದುವೆ.

ಊರಿನ ಬೆಳಿಗ್ಗೆ ಹತ್ತು ಗಂಟೆ ಅಂದರೆ ಇಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ. ಲ್ಯಾಪ್‌ಟಾಪ್ ಮುಂದೆ ಪಂಚೆ ಉಟ್ಟು ಕೂತಿದ್ದೆ. ಛತ್ರದಲ್ಲಿ ಒಬ್ಬ ಹುಡುಗ ಡೇಟಾ ಕಾರ್ಡ್ ಸಿಕ್ಕಿಸಿಕೊಂಡು ಕ್ಯಾಮೆರಾ ಹಿಡಿದಿದ್ದ. ಧಾರೆ ಅರ್ಧಂಬರ್ಧ ಕಾಣಿಸಿತು. ಲಾಜಹೋಮಕ್ಕೆ ಹುಡುಗಿಯ ಬೊಗಸೆಗೆ ಅರಳು ಹಾಕುವುದು ಅಣ್ಣನೋ ತಮ್ಮನೋ ತಾನೆ? ಪುರೋಹಿತರು ‘ಹುಡುಗಿಯ ಅಣ್ಣ ಬರಲಿ’ ಅಂತ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಪ್ಪನ ಮಗ ಪಂಚೆ ಸರಿಮಾಡಿಕೊಂಡು ಮುಂದೆ ಬಂದ. ಅವನ ಕೈಯಲ್ಲಿ ಮೊರ, ತಂಗಿಯ ಬೊಗಸೆಯಲ್ಲಿ ಅರಳು, ಅಷ್ಟಕ್ಕೇ ಚಿತ್ರ ನಿಂತುಹೋಯಿತು. ಮತ್ತೆ ಬರುವ ಹೊತ್ತಿಗೆ ಸಪ್ತಪದಿ ಮುಗಿದಿತ್ತು.

ತಂಗಿ ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಆಡಿದ್ದರೆ ವಾಸಿಯಿತ್ತು. ಚಿಕ್ಕಪ್ಪನ ಮಗ ಮಾತ್ರ ಸಿಕ್ಕಾಗಲೆಲ್ಲ ‘ನಿನ್ನ ಪಾಲಿನ ಅರಳು ನಾನು ಹಾಕಿದ್ದು, ಬಾಕಿ ಇದೆ ನೋಡು’ ಅಂತ ನಗುತ್ತಾನೆ. ನಾನೂ ನಗುತ್ತೇನೆ. ಈಗ ಅರೋರಾದಲ್ಲಿ ಸ್ವಂತ ಮನೆ ಇದೆ, ಬಾಲಾಜಿ ದೇವಸ್ಥಾನ ಕಾರಿನಲ್ಲಿ ಹೋದರೆ ಹತ್ತಿರ, ಮಕ್ಕಳು ವಿದ್ಯಾರಣ್ಯ ಕನ್ನಡ ಕೂಟದ ಸ್ಟೇಜ್ ಮೇಲೆ ಕೋಲಾಟ ಆಡುತ್ತಾರೆ. ಯಾವುದಕ್ಕೂ ಕಡಿಮೆ ಮಾಡ್ಕೊಂಡಿಲ್ಲ. ಆ ಒಂದು ಮಾತ್ರ ಮತ್ತೆ ಬರುವಂಥದ್ದಲ್ಲ.

ಅದಕ್ಕೇ ಹೇಳುವುದು, ಸೋಮವಾರ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಟೈಮ್ ಕೇಳು. ‘ಪ್ರಾಜೆಕ್ಟ್ ಮುಗಿದ ಮೇಲೆ ನನ್ನ ಕಥೆ ಏನು, ಯಾವ ತಾರೀಖಿನ ತನಕ ನನಗೆ ಕೆಲಸ ಇದೆ’ ಅಂತ ನೇರವಾಗಿ ಕೇಳು. ನಮ್ಮ ಕಡೆ ದೊಡ್ಡವರಿಗೆ ಹಾಗೆ ಕೇಳಿದರೆ ಉದ್ಧಟತನ. ಇಲ್ಲಿ ಯಾರೂ ಹಾಗೆ ತಿಳಿಯಲ್ಲ, ಕೇಳದಿದ್ದರೇ ಇವನಿಗೆ ಅರ್ಥ ಆಗಿದೆ ಅಂದುಕೊಳ್ಳುತ್ತಾರೆ. ಬೇರೆ ಪ್ರಾಜೆಕ್ಟ್‌ಗೆ ಹಾಕ್ತಾರೆ ಅಂದರೆ ಒಳ್ಳೆಯದು. ‘ಲೆಟ್ಸ್ ಸೀ’ ಅಂದರೆ ಅವತ್ತೇ ರೆಸ್ಯೂಮೆ ಕಳಿಸೋಕೆ ಶುರುಮಾಡು. ಬೇರೆ ಕಂಪನಿ ಟ್ರಾನ್ಸ್‌ಫರ್ ಅರ್ಜಿ ಹಾಕಿದ ಮೇಲೆ, ಒಪ್ಪಿಗೆಗೆ ಕಾಯದೆ ಅಲ್ಲಿ ಕೆಲಸ ಶುರುಮಾಡಬಹುದು. ಸಂಬಳ ಬರುತ್ತಿರುವಾಗಲೇ ಅದು ಆದರೆ ಅರ್ಧ ತಲೆನೋವು ಇಲ್ಲ. 60 ದಿನ ಇದೆಯಲ್ಲ ಅಂತ ನೆಮ್ಮದಿಯಾಗಿ ಕೂರಬೇಡ. ಅದು ಗರಿಷ್ಠ, ಕೆಲಸದ ಕೊನೇ ದಿನದಿಂದ ಲೆಕ್ಕ. ಐ-94, ಅಂದರೆ ಎಲ್ಲಿಯ ತನಕ ಇಲ್ಲಿ ಇರಬಹುದು ಅಂತ ತೋರಿಸುವ ದಾಖಲೆ, ಅದಕ್ಕೂ ಮೊದಲೇ ಮುಗಿದರೆ ಅಲ್ಲಿಗೇ ನಿಲ್ಲುತ್ತೆ. ಎಚ್-1ಬಿ ಒಪ್ಪಿಗೆ ಪತ್ರ ಐ-797, ಪೇ ಸ್ಲಿಪ್‌ಗಳು, ಎಲ್ಲದರ ಕಾಪಿ ಆಫೀಸ್ ಲ್ಯಾಪ್‌ಟಾಪ್ ಬಿಟ್ಟು ನಿನ್ನ ಸ್ವಂತ ಮೇಲ್‌ನಲ್ಲಿ ಇರಲಿ.

ಲೀಸ್‌ಗೆ ಸೋಮವಾರದ ತನಕ ಸಹಿ ಹಾಕಬೇಡ. ತಿಂಗಳು ತಿಂಗಳಿಗೆ ಕೊಡುವ ಕಡೆ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಸದ್ಯಕ್ಕೆ ಅದೇ ವಾಸಿ. ಹೆಂಡತಿಗೆ ಟಿಕೆಟ್ ಈಗಲೇ ಮಾಡಬೇಡ, ಆದರೆ ವಿಷಯ ಏನು ಅಂತ ಅವಳಿಗೆ ಹೇಳು. ಅತ್ತೆ ಮಾವನಿಗೆ ಹೇಳುವ ಅಗತ್ಯ ಇಲ್ಲ. ಹೇಳಿದರೆ ಮಂಗಳವಾರದೊಳಗೆ ಅರಸೀಕೆರೆಗೆಲ್ಲ ಗೊತ್ತಾಗಿರುತ್ತೆ.

ಮ್ಯಾನೇಜರ್ ಏನಂದರು ಅಂತ ಅವತ್ತೇ ಬರಿ. ನಿನಗೆ ಅರ್ಥವಾದದ್ದನ್ನಲ್ಲ, ಅವರ ಬಾಯಿಂದ ಬಂದ ಇಂಗ್ಲಿಷನ್ನೇ ಇದ್ದ ಹಾಗೆ ಬರಿ.